ಹಿರಿಯರ ಫೋಟೊಗೆ ಮೂರು ಮೊಳೆ

ಗಣಪತಿ ಹಬ್ಬ ಮುಗಿದು ಮಳೆ ಸ್ವಲ್ಪ ಬಿಡುವು ಕೊಟ್ಟಿತೆಂದರೆ, ಬೆಳಗಾವಿಯ ನನ್ನ ಫ್ರೇಮ್ ಅಂಗಡಿಗೆ ಕೆಟ್ಟ ಫೋಟೊಗಳು ಬರತೊಡಗುತ್ತವೆ. ಒಂದರಲ್ಲಿ ಅಜ್ಜನ ಕೋಟಿನ ಮೇಲೆ ಕಂದು ಚುಕ್ಕೆ. ಇನ್ನೊಂದರಲ್ಲಿ ಮದುಮಗಳ ಸೀರೆ ಗಾಜಿಗೆ ಅಂಟಿದೆ. ತಂದವರು ಗಾಜು ಬದಲಿಸಿಕೊಡಿ ಅನ್ನುತ್ತಾರೆ. ನಾನು ಕೇಳುವುದು ಒಂದೇ: "ಯಾವ ಗ್ವಾಡಿಗೆ ಹಾಕಿದ್ರಿ?"

ಸಾಮಾನ್ಯವಾಗಿ ಅದು ಪಶ್ಚಿಮದ್ದೋ ದಕ್ಷಿಣದ್ದೋ ಹೊರಗೋಡೆ. ನಮ್ಮೂರಿನ ಮಳೆ ನೈಋತ್ಯದಿಂದ ಗಾಳಿಯ ಜೊತೆ ಬಂದು ಬಡಿಯುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಆ ಗೋಡೆಗಳು ನೀರು ಕುಡಿದು ಕೂತಿರುತ್ತವೆ. ಇನ್ನೊಂದು ಕಳ್ಳ ಗೋಡೆ ಇದೆ. ಈ ಕಡೆ ಹಾಲ್, ಆ ಕಡೆ ಬಚ್ಚಲು. ಹೊಸ ಪೇಂಟ್ ಇದ್ದರೆ ಗೊತ್ತೇ ಆಗುವುದಿಲ್ಲ.

ಅನುಮಾನ ಬಂದರೆ ಒಂದು ಅಡಿ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಬದಿಗೆ ಟೇಪು ಹಚ್ಚಿ ಗೋಡೆಗೆ ಅಂಟಿಸಿ, ಎರಡು ದಿನ ಬಿಡಿ. ಹಾಳೆಯ ಒಳಮೈಗೆ ಹನಿ ಕಟ್ಟಿದರೆ ನೀರು ಗೋಡೆಯಿಂದಲೇ ಬರುತ್ತಿದೆ. ಅಲ್ಲಿ ಗಡಿಯಾರ ಹಾಕಿಕೊಳ್ಳಿ, ಫೋಟೊ ಬೇಡ.

ಒಣ ಗೋಡೆಯಾದರೂ ಫ್ರೇಮಿನ ಬೆನ್ನು ಅದಕ್ಕೆ ಅಂಟಿರಬಾರದು, ಗಾಳಿ ಆಡಬೇಕು. ನಾನು ಹಳೇ ಹವಾಯಿ ಚಪ್ಪಲಿಯಿಂದ ಕಾಲು ಇಂಚಿನ ಎರಡು ತುಂಡು ಕತ್ತರಿಸಿ ಕೆಳಗಿನ ಮೂಲೆಗಳಿಗೆ ಅಂಟಿಸುತ್ತೇನೆ. ದೇವರ ಫೋಟೊ ಆದರೆ ಕಾರ್ಕ್ ತುಂಡು. ಚಪ್ಪಲಿ ಅಂದರೆ ಜನ ಒಪ್ಪಲ್ಲ, ನಾನೂ ಹಚ್ಚಲ್ಲ. ನಮ್ಮ ಹಿರಿಯರು ಪಡಸಾಲೆಯಲ್ಲಿ ಫೋಟೊಗಳನ್ನು ಮುಂದಕ್ಕೆ ಬಾಗಿಸಿ ಕಟ್ಟುತ್ತಿದ್ದರಲ್ಲ, ಅಲ್ಲೂ ಹಿಂದೆ ಗಾಳಿಗೆ ಜಾಗ ಇರುತ್ತಿತ್ತು. ಗುಬ್ಬಿಗೂ ಇರುತ್ತಿತ್ತು ಅನ್ನಿ. ಹುಲ್ಲುಕಡ್ಡಿ ಗುಡಿಸಿ ಗುಡಿಸಿ ಅವ್ವನ ಸೊಂಟ ಬಿದ್ದುಹೋಗುತ್ತಿತ್ತು.

ಬೆನ್ನಿಗೆ ಏನು ಹಾಕಿದ್ದಾರೆ ಅನ್ನುವುದನ್ನೂ ನೋಡಿ. 1894ರಲ್ಲಿ ಮುಂಬೈಯಲ್ಲಿ ಶುರುವಾದ ರವಿವರ್ಮ ಪ್ರೆಸ್‌ನ ಲಕ್ಷ್ಮಿ, ಸರಸ್ವತಿ ಚಿತ್ರಗಳು ಹಳೇ ಮನೆಗಳಿಂದ ಈಗಲೂ ನನ್ನ ಹತ್ತಿರ ಬರುತ್ತವೆ. ಹಿಂದೆ ತೆಳು ಹಲಗೆ ಜೋಡಿಸಿದ್ದರೆ, ಹಲಗೆಗಳ ಸಂದಿಗೆ ಸರಿಯಾಗಿ ಚಿತ್ರದ ಮೇಲೆ ಕಂದು ಗೆರೆ ಎದ್ದಿರುತ್ತದೆ. ಸಂದಿಗೆ ಪೇಪರ್ ಅಂಟಿಸಿದ್ದರೂ ಕಲೆ ತಪ್ಪುವುದಿಲ್ಲ, ನ್ಯೂಸ್‌ಪೇಪರೇ ಹುಳಿ (ಆಸಿಡ್) ಬಿಡುತ್ತದೆ. ಇಂಥ ಚಿತ್ರದ ಅಂಚನ್ನು ಫ್ರೇಮಿನ ಅಳತೆಗೆ ಕತ್ತರಿಸಲು ಯಾರಿಗೂ ಬಿಡಬೇಡಿ. ಪ್ರೆಸ್‌ನ ಹೆಸರು ಇರುವುದು ಅಲ್ಲೇ.

ಗಾಜಿಗೆ ಅಂಟಿದ ಫೋಟೊವನ್ನು ಕೀಳಲೇಬೇಡಿ. ಕೆಲಸ ಕಲಿಯುವ ದಿನಗಳಲ್ಲಿ ನಾನು ಕಿತ್ತಿದ್ದೆ. ಆಯಿಯೊಬ್ಬರ ಮದುವೆ ಫೋಟೊ, ಇದ್ದದ್ದು ಒಂದೇ ಪ್ರತಿ. ಮದುಮಗನ ಮುಖ ಗಾಜಿನ ಮೇಲೇ ಉಳಿಯಿತು. ಅವರು ಬೈಯಲಿಲ್ಲ, ಆ ಗಾಜನ್ನೇ ಸೆರಗಿನಲ್ಲಿ ಸುತ್ತಿಕೊಂಡು ಹೋದರು. ಈಗ ಗಾಜಿನ ಸಮೇತ ಸ್ಕ್ಯಾನ್ ಮಾಡಿಸಿ ಹೊಸ ಪ್ರಿಂಟ್ ತೆಗೆಸುತ್ತೇನೆ. ಗಾಜಿಗೂ ಫೋಟೊಗೂ ನಡುವೆ ಮೌಂಟ್ ಬೋರ್ಡ್, ಅಂದರೆ ಫೋಟೊದ ಸುತ್ತ ಅಂಚಿನಂತೆ ಕೂರುವ ದಪ್ಪ ರಟ್ಟು, ಹಾಕದೆ ಫ್ರೇಮ್ ಕಟ್ಟುವುದಿಲ್ಲ.

ಇನ್ನು ಎತ್ತರ. ನಮ್ಮವರು ಫೋಟೊವನ್ನು ಸೂರಿಗೆ ತಾಗಿಸಿಯೇ ಹಾಕುವುದು. "ಮ್ಯಾಲೆ ಇರ್ಲಿ ಬಿಡ್ರಿ, ಹುಡುಗ್ರು ಕೈ ಹಚ್ಚತಾವ" ಅನ್ನುತ್ತಾರೆ. ಆಮೇಲೆ ಯಾರೂ ಅದನ್ನು ನೋಡುವುದಿಲ್ಲ. ಚಿತ್ರದ ನಡುಭಾಗ ನೆಲದಿಂದ 57ರಿಂದ 60 ಇಂಚು ಇರಲಿ. ಸೋಫಾದ ಮೇಲಾದರೆ ಅದರ ಬೆನ್ನಿಗೂ ಫ್ರೇಮಿಗೂ ನಡುವೆ ಆರೆಂಟು ಇಂಚು ಸಾಕು. ಜಮಖಾನದ ಮೇಲೆ ಕೂತು ಮಾತಾಡುವ ಮನೆಯಾದರೆ ಇನ್ನೂ ಇಳಿಸಿ.

ಮೊಳೆಯ ಲೆಕ್ಕ ಬೇರೆ. 24 ಇಂಚು ಎತ್ತರದ ಫ್ರೇಮ್, ನಡುಭಾಗ 58ಕ್ಕೆ ಬರಬೇಕು ಅಂದುಕೊಳ್ಳಿ. ಮೇಲಂಚು 70ಕ್ಕೆ ಬರುತ್ತದೆ. ಹಿಂದಿನ ತಂತಿಯನ್ನು ಬಿಗಿಯಾಗಿ ಎಳೆದಾಗ ಅದು ಮೇಲಂಚಿನಿಂದ 3 ಇಂಚು ಕೆಳಗಿದ್ದರೆ ಮೊಳೆ 67ಕ್ಕೆ. ಇಷ್ಟು ಲೆಕ್ಕ ಹಾಕದೆ ಹೊಡೆದು ಗೋಡೆ ತೂತು ಮಾಡಿಕೊಂಡವರು ಬಹಳ. ಸ್ವಿಚ್ ಬೋರ್ಡಿನ ನೇರ ಮೇಲೆ, ಕೆಳಗೆ ಮಾತ್ರ ಡ್ರಿಲ್ ಇಡಬೇಡಿ, ಒಳಗೆ ವೈರ್ ಹೋಗಿರುತ್ತದೆ.

ಏಳೆಂಟು ಫೋಟೊ ಒಟ್ಟಿಗೆ ಹಾಕುವುದಾದರೆ ಮೊದಲು ನೆಲದ ಮೇಲೆ ಚಾದರ ಹಾಸಿ ಜೋಡಿಸಿ ನೋಡಿ. ದೊಡ್ಡದನ್ನು ಮೊದಲು ಇಡಿ, ಮಿಕ್ಕವು ಅದರ ಸುತ್ತ, ನಡುವೆ ಎರಡು ಇಂಚು ಬಿಟ್ಟು. ಒಪ್ಪಿಗೆಯಾದ ಮೇಲೆ ಪೇಪರ್ ಅದೇ ಅಳತೆಗೆ ಕತ್ತರಿಸಿ ಗೋಡೆಗೆ ಅಂಟಿಸಿ. ಒಂದು ರಾತ್ರಿ ಹಾಗೇ ಇರಲಿ. ಬೆಳಿಗ್ಗೆ ಮನೆಯವರು ತಾವೇ ಎರಡು ಜಾಗ ಬದಲಿಸಿರುತ್ತಾರೆ.

ಮಳೆಯಷ್ಟೇ ಕೆಡಿಸುವುದು ಒದ್ದೆ ಹೂಮಾಲೆ. ನೀರು ಚಿಮುಕಿಸಿದ ಸೇವಂತಿಗೆಯನ್ನು ಫ್ರೇಮಿನ ಮೇಲೆ ಇಳಿಬಿಡುತ್ತೇವೆ. ಹನಿ ಗಾಜಿನ ಅಂಚಿನಿಂದ ಒಳಗಿಳಿದು ಫೋಟೊದ ಕೆಳತುದಿಯಲ್ಲಿ ನಿಲ್ಲುತ್ತದೆ. ಕೆಡುವುದು ಅಲ್ಲಿಂದಲೇ. ಹೂವು ಬೇಡ ಅನ್ನಲು ನಾನ್ಯಾರು? ಅದಕ್ಕೇ ಹಿರಿಯರ ಫೋಟೊ ಹಾಕಲು ಹೋದರೆ ಕೇಳದೆಯೇ ಮೂರು ಮೊಳೆ ಹೊಡೆದು ಬರುತ್ತೇನೆ. ಒಂದು ಫೋಟೊಗೆ, ಎರಡು ಅದರ ಆಚೀಚೆ, ನಾಲ್ಕು ಬೆರಳು ದೂರದಲ್ಲಿ, ಮಾಲೆಗೆ.