ದೂಡಾ ಒಪ್ಪಿದರೆ ಸಾಕೇ? ಲೇಔಟ್ ನಕ್ಷೆ ಬದಲಿಸಲು ನಮ್ಮ ಸಹಿ ಯಾಕೆ?

ಪ್ರಶ್ನೆ: ದಾವಣಗೆರೆ ಹೊರವಲಯದಲ್ಲಿ ರೇರಾದಲ್ಲಿ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ನೋಂದಣಿಯಾದ ಲೇಔಟೊಂದರಲ್ಲಿ 30x40 ಸೈಟಿಗೆ ಅಗ್ರಿಮೆಂಟ್ ಮಾಡಿಕೊಂಡಿದ್ದೇವೆ. ಈಗ ಡೆವಲಪರ್ ಪಾರ್ಕನ್ನು ಮೂಲೆಗೆ ಸರಿಸಿ, ಅದರ ಜಾಗದಲ್ಲಿ ಹೊಸ ಸೈಟು ಮಾಡುತ್ತಾರಂತೆ. ಒಪ್ಪಿಗೆ ಪತ್ರ ತಂದು, "ದೂಡಾದಲ್ಲಿ ಆಗುತ್ತೆ, ನಿಮ್ಮ ಸಹಿ ಬರೀ ಫಾರ್ಮಾಲಿಟಿ" ಅನ್ನುತ್ತಿದ್ದಾರೆ. ಸಹಿ ಹಾಕಲೇಬೇಕಾ?

ಉತ್ತರ: ಹಾಕಲೇಬೇಕೆಂದಿಲ್ಲ. ಅದು ಬರೀ ಫಾರ್ಮಾಲಿಟಿಯೂ ಅಲ್ಲ. ದೂಡಾ, ಅಂದರೆ ದಾವಣಗೆರೆ-ಹರಿಹರ ನಗರಾಭಿವೃದ್ಧಿ ಪ್ರಾಧಿಕಾರ, ನೋಡುವುದು ನಕ್ಷೆ ನಿಯಮಕ್ಕೆ ಹೊಂದುತ್ತದೆಯೇ ಎಂದು. ನಿಮಗೆ ಒಂದು ನಕ್ಷೆ ತೋರಿಸಿ ದುಡ್ಡು ಪಡೆದ ಮೇಲೆ ಅದನ್ನು ಬದಲಿಸಬಹುದೇ ಎಂಬುದು ಬೇರೆಯೇ ಪ್ರಶ್ನೆ. ಅದಕ್ಕೆ ಉತ್ತರ 2016ರ ರೇರಾ ಕಾಯ್ದೆಯ 14ನೇ ಸೆಕ್ಷನ್‌ನಲ್ಲಿದೆ.

ಬದಲಾವಣೆ ನಿಮ್ಮದೇ ಸೈಟಿಗೆ ಸಂಬಂಧಿಸಿದ್ದರೆ, ಅಳತೆ ಕಡಿಮೆಯಾಗುವುದೋ ಮುಂದಿನ ರಸ್ತೆ ಬೇರೆಯಾಗುವುದೋ ಆದರೆ, ನಿಮ್ಮ ಒಪ್ಪಿಗೆ ಬೇಕು. ಉಳಿದವರೆಲ್ಲ ಸಹಿ ಹಾಕಿದ್ದಾರೆ ಎಂಬ ಮಾತು ಅಲ್ಲಿ ನಡೆಯದು. ಲೇಔಟ್ ನಕ್ಷೆಗೆ, ಅಂದರೆ ಪಾರ್ಕು, ರಸ್ತೆಯಂಥ ಎಲ್ಲರ ಜಾಗಕ್ಕೆ ಕೈ ಹಾಕುವುದಾದರೆ, ಕೊಂಡವರಲ್ಲಿ ಮೂರರಲ್ಲಿ ಎರಡು ಪಾಲು ಜನರ ಲಿಖಿತ ಒಪ್ಪಿಗೆ ಮೊದಲೇ ಸಿಗಬೇಕು. ಜೆಸಿಬಿ ಓಡಿಸಿದ ಮೇಲೆ ಸಹಿ ಸಂಗ್ರಹಿಸಿದರೆ ಅದು "ಮೊದಲೇ" ಆಗುವುದಿಲ್ಲ.

ಈ ಲೆಕ್ಕ ಮಾಡುವಾಗಲೇ ಹೆಚ್ಚಿನ ಗೊಂದಲ ಹುಟ್ಟುವುದು. 60 ಸೈಟಿನ ಲೇಔಟಿನಲ್ಲಿ 45 ಮಾರಾಟವಾಗಿವೆ ಎಂದಿಟ್ಟುಕೊಳ್ಳಿ. ಮಾರದೆ ಉಳಿದ 15 ಡೆವಲಪರ್‌ನವು, ಅವು ಲೆಕ್ಕಕ್ಕಿಲ್ಲ. 45ರಲ್ಲಿ 6 ಸೈಟನ್ನು ಒಬ್ಬರೇ ತಮ್ಮ, ಹೆಂಡತಿ, ಮಕ್ಕಳ ಹೆಸರಲ್ಲಿ ಹಿಡಿದಿದ್ದರೆ ಕಾಯ್ದೆ ಅವರನ್ನು ಒಬ್ಬರೆಂದೇ ಎಣಿಸುತ್ತದೆ. ಕಂಪನಿಯೊಂದು ತನ್ನ ಅಂಗಸಂಸ್ಥೆಗಳ ಹೆಸರಲ್ಲಿ ಕೊಂಡಿದ್ದರೂ ಅದೇ ನಿಯಮ. ಉಳಿದವರು ತಲಾ ಒಂದು ಸೈಟು ಕೊಂಡಿದ್ದರೆ ಒಟ್ಟು 40 ಜನ. ಕನಿಷ್ಠ 27 ಸಹಿ ಬೇಕು. ನಮ್ಮೂರಿನಲ್ಲಿ ಒಬ್ಬರೇ ನಾಲ್ಕೈದು ಸೈಟು ಹಿಡಿದಿಡುವುದು ಸಾಮಾನ್ಯ. ಆ ಮನೆಯಿಂದ ಐದು ಸಹಿ ತಂದು ಐದು ಒಪ್ಪಿಗೆ ಎಂದು ತೋರಿಸಿದರೆ ತಕ್ಷಣ ಆಕ್ಷೇಪಿಸಿ.

ಇನ್ನು ಕೆಲವರು ಅಗ್ರಿಮೆಂಟಿನ ಒಂದು ಸಾಲು ತೋರಿಸುತ್ತಾರೆ: "ಮುಂದೆ ನಕ್ಷೆ ಬದಲಿಸಲು ಖರೀದಿದಾರರ ಸಮ್ಮತಿ ಇದೆ." ಮಹಾರಾಷ್ಟ್ರದ ಹಳೆಯ ಫ್ಲ್ಯಾಟ್ ಕಾಯ್ದೆಯಡಿ ಇಂಥದೇ ವಾದ ಬಂದಾಗ ಬಾಂಬೆ ಹೈಕೋರ್ಟ್ 2010ರಲ್ಲೇ ಅದನ್ನು ಒಪ್ಪಲಿಲ್ಲ. ಏನು ಬದಲಾಗುತ್ತದೆ ಎಂಬುದನ್ನು ಪೂರ್ತಿ ತಿಳಿಸಿ, ಆ ಬದಲಾವಣೆಗೇ ಪಡೆದದ್ದು ಒಪ್ಪಿಗೆ ಎಂದಿತು. ಹಾಗಾಗಿ ಹಳೆಯ ಮತ್ತು ಹೊಸ ನಕ್ಷೆ ಎರಡನ್ನೂ ಲಗತ್ತಿಸದ ಪತ್ರಕ್ಕೆ, ಖಾಲಿ ಜಾಗ ಬಿಟ್ಟ ಪತ್ರಕ್ಕೆ ದಯವಿಟ್ಟು ಸಹಿ ಹಾಕಬೇಡಿ.

ಪ್ರಾಧಿಕಾರದ ಮೊಹರು ಬಿದ್ದ ಮೇಲೆ ನಮ್ಮದೇನು ನಡೆಯುತ್ತದೆ ಎಂದು ಕೈಚೆಲ್ಲುವವರಿಗೆ ನೊಯ್ಡಾದ ಅವಳಿ ಗೋಪುರಗಳನ್ನು ನೆನಪಿಸುತ್ತೇನೆ. ಮೊದಲ ನಕ್ಷೆಯಲ್ಲಿ ಹಸಿರು ಜಾಗವಿದ್ದ ಕಡೆ ಎದ್ದ ಆ ಕಟ್ಟಡಗಳ ಪರಿಷ್ಕೃತ ನಕ್ಷೆಗೆ ಅಲ್ಲಿನ ಪ್ರಾಧಿಕಾರದ ಅನುಮೋದನೆ ಇತ್ತು. ಉತ್ತರ ಪ್ರದೇಶದ ಕಾನೂನು ಕೇಳುವ ಫ್ಲ್ಯಾಟ್ ಮಾಲೀಕರ ಒಪ್ಪಿಗೆ ಇರಲಿಲ್ಲ. ಕಟ್ಟಡಗಳ ನಡುವಿನ ಅಂತರದ ನಿಯಮವೂ ಮುರಿದಿತ್ತು. 2021ರ ಆಗಸ್ಟ್ 31ರಂದು ಸುಪ್ರೀಂ ಕೋರ್ಟ್ ಕೆಡವಲು ಹೇಳಿತು. 2022ರ ಆಗಸ್ಟ್ 28ರಂದು ಎರಡೂ ನೆಲಕ್ಕುರುಳಿದವು. ಹೋರಾಡಿದವರು ಅಲ್ಲಿನ ನಿವಾಸಿಗಳೇ.

ಸೈಟುಗಳ ವಿಷಯದಲ್ಲಿ ಇನ್ನೊಂದನ್ನು ಮೊದಲೇ ವಿಚಾರಿಸಿ: ಪಾರ್ಕು, ರಸ್ತೆಗಳನ್ನು ಪರಿತ್ಯಾಜನ ಪತ್ರದ ಮೂಲಕ ಪ್ರಾಧಿಕಾರಕ್ಕೋ ಸ್ಥಳೀಯ ಸಂಸ್ಥೆಗೋ ಬಿಟ್ಟುಕೊಟ್ಟಾಗಿದೆಯೇ? ಆಗಿದ್ದರೆ ಅದು ಡೆವಲಪರ್ ಕೈಯಲ್ಲಿರುವ ಜಾಗವೇ ಅಲ್ಲ.

ಎಲ್ಲ ಸರಿಯಾಗಿ ನಡೆದರೆ ಡೆವಲಪರ್ ನಿಮ್ಮ ಒಪ್ಪಿಗೆ ಪತ್ರಗಳನ್ನೂ ಹೊಸ ಅನುಮೋದಿತ ನಕ್ಷೆಯನ್ನೂ ಕರ್ನಾಟಕ ರೇರಾ ಮುಂದಿಟ್ಟು ನೋಂದಣಿಯ ವಿವರ ತಿದ್ದಿಸಿಕೊಳ್ಳಬೇಕು. ಅಲ್ಲಿಯವರೆಗೆ ನೋಂದಾಯಿತ ನಕ್ಷೆಯಲ್ಲಿ ಇಲ್ಲದ ಸೈಟನ್ನು ಯಾರಾದರೂ ಮಾರಲು ಬಂದರೆ ಮುಂಗಡ ಕೊಡಬೇಡಿ. ರೇರಾ ಜಾಲತಾಣದಲ್ಲಿ ಪಿಆರ್‌ಎಂ/ಕೆಎ/ರೇರಾ ಎಂದು ಶುರುವಾಗುವ ನೋಂದಣಿ ಸಂಖ್ಯೆ ಹಾಕಿದರೆ ಪ್ರಾಜೆಕ್ಟಿನ ಪುಟ ತೆರೆಯುತ್ತದೆ. ಅಲ್ಲಿನ ನಕ್ಷೆಯನ್ನು ಇಳಿಸಿಕೊಂಡು ಇಂದೇ ಒಂದು ಪ್ರತಿ ಇಟ್ಟುಕೊಳ್ಳಿ.

ಮುಗಿಸುವ ದಿನಾಂಕ ಮುಂದೂಡುವುದಕ್ಕೆ ದಾರಿ ಬೇರೆ, 6ನೇ ಸೆಕ್ಷನ್. ಪ್ರವಾಹ, ಭೂಕಂಪದಂಥ ಅನಿವಾರ್ಯತೆ ಬಿಟ್ಟರೆ, ಡೆವಲಪರ್‌ನ ತಪ್ಪಿಲ್ಲದಿದ್ದಾಗ ಒಟ್ಟು ಒಂದು ವರ್ಷದವರೆಗೆ ಮಾತ್ರ ಆ ಸೆಕ್ಷನ್ ಅವಕಾಶ ಕೊಡುತ್ತದೆ.

ಒಪ್ಪಿಗೆ ಇಲ್ಲವೆಂದರೆ ಬಾಯಲ್ಲಿ ಹೇಳಿ ಸುಮ್ಮನಾಗಬೇಡಿ. ಆಕ್ಷೇಪಣೆಯನ್ನು ಸ್ಪೀಡ್ ಪೋಸ್ಟಿನಲ್ಲಿ ಡೆವಲಪರ್‌ಗೆ ಕಳಿಸಿ, ಪ್ರತಿಯೊಂದನ್ನು ದೂಡಾಕ್ಕೂ ಕೊಡಿ. ಆಮೇಲೂ ಕೆಲಸ ನಿಲ್ಲದಿದ್ದರೆ 31ನೇ ಸೆಕ್ಷನ್‌ನಡಿ ರೇರಾಗೆ ದೂರು ಕೊಡಬಹುದು. ಇಲ್ಲಿಂದಲೇ ಆನ್‌ಲೈನ್‌ನಲ್ಲಿ ಸಲ್ಲಿಸಬಹುದು. ತಪ್ಪು ಸಾಬೀತಾದರೆ ದಂಡ ಪ್ರಾಜೆಕ್ಟಿನ ಅಂದಾಜು ವೆಚ್ಚದ ಶೇ. 5ರವರೆಗೆ ಹೋಗಬಹುದು.