ಬೇಕನ್ ಗುಪ್ತಲಿಪಿ: ನಾನು ಎರಡು ದಿನ ಸಿಕ್ಕಿಹಾಕಿಕೊಂಡ ಜಾಗ

ಷೇಕ್ಸ್‌ಪಿಯರ್ ನಾಟಕಗಳನ್ನು ನಿಜವಾಗಿ ಬರೆದದ್ದು ಅದೇ ಕಾಲದ ಇಂಗ್ಲಿಷ್ ತತ್ವಜ್ಞಾನಿ ಫ್ರಾನ್ಸಿಸ್ ಬೇಕನ್, ಆ ಗುಟ್ಟನ್ನು ಆತ ನಾಟಕದ ಒಳಗೇ ಗುಪ್ತಲಿಪಿಯಲ್ಲಿ ಅಡಗಿಸಿಟ್ಟಿದ್ದಾನೆ ಅನ್ನುವ ವಾದ ಗೊತ್ತಲ್ವಾ? ಅದು ತಪ್ಪು ಅಂತ ನನಗೂ ಗೊತ್ತಿತ್ತು. ಆದರೆ ಯಾಕೆ ತಪ್ಪು ಅಂತ ಯಾರಾದರೂ ಕೇಳಿದರೆ ಬಾಯಿ ಕಟ್ಟುತ್ತಿತ್ತು. ಈಗ ಅರ್ಥವಾಗಿದೆ ಅನ್ನಿಸುತ್ತಿದೆ, ಮರೆಯುವ ಮೊದಲು ಬರೆದಿಡುತ್ತೇನೆ.

ಯಾರು ಯಾರು ಅನ್ನುವುದು ಬೇಗ ಮುಗಿಸೋಣ. ಷೇಕ್ಸ್‌ಪಿಯರ್ ತೀರಿಕೊಂಡದ್ದು 1616ರಲ್ಲಿ. ಆತನ 36 ನಾಟಕಗಳ ದೊಡ್ಡ ಸಂಪುಟ, ಫಸ್ಟ್ ಫೋಲಿಯೊ, ಬಂದದ್ದು 1623ರಲ್ಲಿ. ಬೇಕನ್ ತಾನು ಕಂಡುಹಿಡಿದ ಗುಪ್ತಲಿಪಿಯನ್ನು ವಿವರಿಸಿದ ಲ್ಯಾಟಿನ್ ಪುಸ್ತಕವೂ ಅದೇ 1623ರಲ್ಲಿ ಬಂತು. ಇಷ್ಟು ಸಾಕಾಯಿತು ಜನಕ್ಕೆ. 1888ರಲ್ಲಿ ಇಗ್ನೇಷಿಯಸ್ ಡಾನೆಲಿ ಅನ್ನುವ ಅಮೆರಿಕದ ರಾಜಕಾರಣಿ ಪುಟದ ಪದಗಳನ್ನು ಎಣಿಸಿ ಎಣಿಸಿ ದಪ್ಪ ಪುಸ್ತಕ ಬರೆದ. ಅದೇ ವರ್ಷ ನಿಕಲ್ಸನ್ ಅನ್ನುವ ಪಾದ್ರಿ ಅದೇ ರೀತಿ ಎಣಿಸಿ, ನಾಟಕ ಬರೆದದ್ದು ಷೇಕ್ಸ್‌ಪಿಯರೇ ಅನ್ನುವ ಸಂದೇಶ ತೆಗೆದು ತೋರಿಸಿದ! 1899ರಲ್ಲಿ ಎಲಿಜಬೆತ್ ವೆಲ್ಸ್ ಗ್ಯಾಲಪ್ ಬಂದರು. ಇವರು ಹಿಡಿದದ್ದು ಬೇಕನ್‌ನ ಸ್ವಂತ ವಿಧಾನವನ್ನೇ, ಅದಕ್ಕೇ ಇವರ ವಾದವನ್ನು ತಳ್ಳಿಹಾಕುವುದು ಡಾನೆಲಿಯಷ್ಟು ಸುಲಭವಲ್ಲ.

ಈಗ ಆ ವಿಧಾನ. ಮೊದಲು ನಾನು ಎಡವಿದ್ದು ಇಲ್ಲೇ. ಗುಟ್ಟು ಇರುವುದು ಅಕ್ಷರದಲ್ಲಿ ಅಂದುಕೊಂಡಿದ್ದೆ. ಅಲ್ಲ. ಮೇಲೆ ಯಾವ ಅಕ್ಷರ ಇದೆ ಅನ್ನುವುದು ಲೆಕ್ಕಕ್ಕೇ ಇಲ್ಲ, ಅದನ್ನು ಯಾವ ಅಚ್ಚಿನಲ್ಲಿ ಒತ್ತಿದ್ದಾರೆ ಅನ್ನುವುದಷ್ಟೇ ಮುಖ್ಯ. ಎರಡು ಬಗೆಯ ಅಚ್ಚುಮೊಳೆ ಬೇಕು, ನೋಡಲು ಹೆಚ್ಚುಕಡಿಮೆ ಒಂದೇ ಥರ ಇರಬೇಕು. ಬೇಕನ್ ಅವನ್ನು ಎ ಮತ್ತು ಬಿ ಅಂದ. ನಾನು ನೇರ (ನ) ಮತ್ತು ಓರೆ (ಓ) ಅನ್ನುತ್ತೇನೆ, ನನಗೆ ಹಾಗೆ ಸುಲಭ. ಐದೈದು ಅಕ್ಷರದ ಗುಂಪು ಮಾಡಿದರೆ ಒಂದು ಗುಂಪಿನಿಂದ ಒಂದು ಗುಪ್ತ ಅಕ್ಷರ ಬರುತ್ತದೆ. ನನನನನ ಅಂದರೆ ಎ, ನನನನಓ ಅಂದರೆ ಬಿ, ನನನಓನ ಅಂದರೆ ಸಿ, ಹೀಗೆ ಎರಡರ ಪದ್ಧತಿಯ ಎಣಿಕೆ. ಆಗ ಐ ಮತ್ತು ಜೆ ಒಂದೇ, ಯು ಮತ್ತು ವಿ ಒಂದೇ, ಹಾಗಾಗಿ ಒಟ್ಟು 24 ಅಕ್ಷರ.

ಕನ್ನಡದಲ್ಲೇ ಮಾಡಿ ನೋಡಿ, ತಲೆಗೆ ಹತ್ತುತ್ತದೆ. "ನಾಳೆ ಮಳೆ ಬರಬಹುದಂತೆ" ಅಂತ ಬರೆಯಿರಿ. ಸರಿಯಾಗಿ ಹತ್ತು ಅಕ್ಷರ. "ನಾಳೆ" ನೇರ, "ಮಳೆ ಬ" ಓರೆ. ಆಯಿತು, ನನಓಓಓ, ಅಂದರೆ ಎಚ್. ಆಮೇಲೆ "ರ" ನೇರ, "ಬ" ಓರೆ, "ಹುದಂತೆ" ನೇರ. ನಓನನನ, ಅಂದರೆ ಐ. ಎರಡೂ ಸೇರಿ ಇಂಗ್ಲಿಷಿನ ಹಾಯ್. ಮಳೆಗೂ ಹಾಯ್‌ಗೂ ಸಂಬಂಧವೇ ಇಲ್ಲ, ನೋಡಿ. ನಾನು ಇದನ್ನು ಪೆನ್ಸಿಲ್‌ನಲ್ಲಿ ಬರೆದು ತಂಗಿಗೆ ಕೊಟ್ಟೆ. ಅವಳು "ಅಣ್ಣಾ, ನಿನ್ನ ಕೈಬರಹ ಮೊದಲೇ ಹೀಗಿರುತ್ತೆ, ಯಾವುದು ಓರೆ ಅಂತ ಹೇಗೆ ಗೊತ್ತಾಗಬೇಕು?" ಅಂದಳು. ನಕ್ಕು ಸುಮ್ಮನಾದೆ. ಆದರೆ ಇಡೀ ಪ್ರಕರಣದ ಉತ್ತರ ಅವಳ ಆ ಮಾತಲ್ಲೇ ಇತ್ತು.

ಈಗ ನನ್ನ ಎರಡು ದಿನ ತಿಂದ ಪ್ರಶ್ನೆ. ಗ್ಯಾಲಪ್ ಅವರು ಫೋಲಿಯೊದ ಇಟಾಲಿಕ್ ಅಕ್ಷರಗಳನ್ನು ಎರಡು ಗುಂಪು ಮಾಡಿ ಪುಟಗಟ್ಟಲೆ ಓದಬಲ್ಲ ಇಂಗ್ಲಿಷ್ ತೆಗೆದಿದ್ದಾರೆ, ಬೇಕನ್ ಎಲಿಜಬೆತ್ ರಾಣಿಯ ಮಗ ಅನ್ನುವವರೆಗೂ. ಸುಮ್ನೆ ಆಕಸ್ಮಿಕವಾಗಿ ಇಷ್ಟೆಲ್ಲ ಬರುತ್ತಾ?

ಲೆಕ್ಕ ಹಾಕಿದೆ. ನೇರ, ಓರೆ ಎರಡರಿಂದ ಐದರ ಗುಂಪು ಮಾಡಿದರೆ 32 ಬಗೆ. ಬೇಕನ್ ಬಳಸಿದ್ದು 24. ಉಳಿದ 8 ಬಗೆ ಯಾವುವು ಗೊತ್ತಾ? ಓಓ ಅಂತ ಶುರುವಾಗುವವು, ಎಲ್ಲ ಎಂಟೂ. ಇದು ನನಗೆ ಬಹಳ ಇಷ್ಟವಾದ ಪರೀಕ್ಷೆ. ಓರೆ ನೇರ ಸಮಸಮ ಇದ್ದು ಸುಮ್ಮನೆ ಕಲಸಿಹೋಗಿದ್ದರೆ, ನಾಲ್ಕರಲ್ಲಿ ಒಂದು ಗುಂಪು ಓಓದಿಂದ ಶುರುವಾಗಬೇಕು, ಅಲ್ಲಿ ಯಾವ ಅಕ್ಷರವೂ ಬರುವುದಿಲ್ಲ. ಬರೀ 20 ಗುಂಪಿನಲ್ಲಿ ಒಂದೂ ಹಾಗೆ ಸಿಗದಿರುವ ಸಾಧ್ಯತೆ ಸಾವಿರಕ್ಕೆ ಮೂರರಷ್ಟು. ಪುಟಗಟ್ಟಲೆ ಅಂದರೆ ಕೇಳುವುದೇ ಬೇಡ. ಹಾಗಾದರೆ ಗ್ಯಾಲಪ್ ಸರಿಯೇ ಇರಬೇಕಲ್ಲ? ಇಲ್ಲೇ ನಾನು ಕೂತುಬಿಟ್ಟೆ.

ತಪ್ಪು ಎಲ್ಲಿತ್ತು ಅಂದರೆ, ನಾನು ಎರಡೇ ದಾರಿ ಇಟ್ಟುಕೊಂಡಿದ್ದೆ. ಒಂದೋ ಬೇಕನ್ ಬರೆದಿದ್ದಾನೆ, ಇಲ್ಲವೋ ಆಕಸ್ಮಿಕ. ಆಕಸ್ಮಿಕ ಅಲ್ಲ ಅಂತ ಲೆಕ್ಕ ಹೇಳಿತು, ಅದು ನಿಜವೇ. ಆದರೆ ಮೂರನೆಯ ದಾರಿ ಇದೆ. ಬಿಡಿಸುವವರ ಕೈ. ಎಚ್ ಅನ್ನೇ ತಗೊಳ್ಳಿ, ನನಓಓಓ. ಒಂದೇ ಒಂದು ಅಕ್ಷರದ ಬಗ್ಗೆ ಅನುಮಾನ ಬಂದು ಬೇರೆ ಥರ ಓದಿದರೆ ಏನಾಗುತ್ತದೆ? ಮೊದಲನೆಯದು ಬದಲಾದರೆ ಝಡ್, ಎರಡನೆಯದಾದರೆ ಕ್ಯೂ, ಮೂರನೆಯದಾದರೆ ಡಿ, ನಾಲ್ಕನೆಯದಾದರೆ ಎಫ್, ಐದನೆಯದಾದರೆ ಜಿ. ಐದರಲ್ಲಿ ಎರಡು ಅನುಮಾನ ಇದ್ದರೆ ನಾಲ್ಕು ಓದು ಸಾಧ್ಯ, ಮೂರಿದ್ದರೆ ಎಂಟು. ಹಿಂದಿನ ಅಕ್ಷರಗಳಿಂದ ಯಾವ ಪದ ಬರುತ್ತಿದೆ ಅಂತ ಮನಸ್ಸಿಗೆ ಗೊತ್ತು, ಓಓ ಬಂದರೆ ತಪ್ಪು ಅಂತಲೂ ಗೊತ್ತು. ಕಣ್ಣು ತಾನಾಗಿಯೇ ಬೇಕಾದ್ದನ್ನು ಆರಿಸುತ್ತದೆ. ಮೋಸ ಅಂತಲ್ಲ, ಗ್ಯಾಲಪ್ ಪ್ರಾಮಾಣಿಕರೇ. ಅವರು ಬರೆಯುತ್ತಿದ್ದರು, ಆದರೆ ಓದುತ್ತಿದ್ದೇನೆ ಅಂದುಕೊಂಡಿದ್ದರು.

ಅನುಮಾನಕ್ಕೆ ಜಾಗ ನಿಜವಾಗಿ ಇತ್ತಾ? ಬೇಕಾದಷ್ಟು. ಆಗಿನ ಮುದ್ರಣಾಲಯದಲ್ಲಿ ಹಳೆಯ, ಹೊಸ, ಸವೆದ ಮೊಳೆಗಳೆಲ್ಲ ಒಂದೇ ಪೆಟ್ಟಿಗೆಯಲ್ಲಿ ಬೆರೆತಿರುತ್ತಿದ್ದವು. ಕಾಗದವನ್ನು ಒದ್ದೆ ಮಾಡಿ ಒತ್ತುತ್ತಿದ್ದರು, ಒಣಗಿದಾಗ ಕುಗ್ಗುತ್ತಿತ್ತು. ಶಾಯಿ ಹರಡುತ್ತಿತ್ತು. ಮುದ್ರಣ ನಡೆಯುತ್ತಿರುವಾಗಲೇ ತಿದ್ದುತ್ತಿದ್ದರು, ಹಾಗಾಗಿ ಒಂದು ಪ್ರತಿಗೂ ಇನ್ನೊಂದಕ್ಕೂ ವ್ಯತ್ಯಾಸ. ಅಚ್ಚುಗಳು ಚೊಕ್ಕವಾಗಿ ಎರಡು ಗುಂಪಿಗೆ ಬೀಳುವುದೇ ಇಲ್ಲ.

ಇದನ್ನು ಬಯಲು ಮಾಡಿದವರು ಗ್ಯಾಲಪ್ ಜೊತೆಗೇ ಕೆಲಸಕ್ಕೆ ಸೇರಿದ್ದವರು. ಅಮೆರಿಕದ ಇಲಿನಾಯ್‌ಯ ಜಿನೀವಾ ಊರಿನಲ್ಲಿ ಜಾರ್ಜ್ ಫೇಬಿಯನ್ ಅನ್ನುವ ಸಿರಿವಂತನ ರಿವರ್‌ಬ್ಯಾಂಕ್ ಎಸ್ಟೇಟ್ ಇತ್ತು. ಗ್ಯಾಲಪ್‌ಗೆ ನೆರವಾಗಲು 1916ರಲ್ಲಿ ಎಲಿಜಬೆತ್ ಸ್ಮಿತ್ ಬಂದರು (ಈ ಕಥೆಯಲ್ಲಿ ರಾಣಿಯೂ ಸೇರಿ ಮೂವರು ಎಲಿಜಬೆತ್, ನನ್ನ ಟಿಪ್ಪಣಿ ಪೂರ್ತಿ ಗೋಜಲು). ಸಸ್ಯಗಳ ತಳಿವಿಜ್ಞಾನಕ್ಕೆ ಅಂತ ಬಂದಿದ್ದ ವಿಲಿಯಂ ಫ್ರೀಡ್‌ಮನ್ ಪುಟಗಳ ಫೋಟೊ ತೆಗೆದು ದೊಡ್ಡದು ಮಾಡಿ ಕೊಡುತ್ತಿದ್ದರು. 1917ರಲ್ಲಿ ಇಬ್ಬರೂ ಮದುವೆಯಾದರು. ಎಷ್ಟು ಕಣ್ಣು ಕಿರಿದು ಮಾಡಿ ನೋಡಿದರೂ ಗ್ಯಾಲಪ್ ಕಂಡದ್ದು ಇವರಿಗೆ ಕಾಣಲಿಲ್ಲ. ಮುಂದೆ ಇಬ್ಬರೂ ಅಮೆರಿಕ ಸರ್ಕಾರದ ದೊಡ್ಡ ಗುಪ್ತಲಿಪಿ ತಜ್ಞರಾದರು, 1957ರಲ್ಲಿ ಈ ಎಲ್ಲ ವಾದಗಳನ್ನು ಒಂದೊಂದಾಗಿ ಪರೀಕ್ಷಿಸಿ ಪುಸ್ತಕ ತಂದರು. ಅವರು ಕೇಳುವುದು ಎರಡೇ. ಬಂದ ಸಂದೇಶಕ್ಕೆ ಅರ್ಥ, ವ್ಯಾಕರಣ ಇದೆಯಾ? ಅದೇ ಕೀಲಿ ಕೊಟ್ಟರೆ ಬೇರೆಯವರಿಗೂ ಅದೇ ಉತ್ತರ, ಅದೊಂದೇ ಉತ್ತರ ಬರುತ್ತದಾ? ಗ್ಯಾಲಪ್ ಬೀಳುವುದು ಎರಡನೆಯದರಲ್ಲಿ.

ಪರೀಕ್ಷೆಯಲ್ಲಿ ಕೇಳಬಹುದಾದ ಇನ್ನೊಂದು: "ಲವ್ಸ್ ಲೇಬರ್ಸ್ ಲಾಸ್ಟ್" ನಾಟಕದ 27 ಅಕ್ಷರದ ಉದ್ದ ಪದ ಹೊನೊರಿಫಿಕಬಿಲಿಟುಡಿನಿಟಾಟಿಬಸ್. ಅದರ ಅಕ್ಷರ ಕಲಸಿ, 'ಎಫ್. ಬೇಕನ್‌ನಿಂದ ಹುಟ್ಟಿದ ಈ ನಾಟಕಗಳು ಲೋಕಕ್ಕಾಗಿ ಉಳಿದಿವೆ' ಅನ್ನುವ ಲ್ಯಾಟಿನ್ ವಾಕ್ಯ ತೆಗೆದಿದ್ದು 1910ರಲ್ಲಿ ಡರ್ನಿಂಗ್ ಲಾರೆನ್ಸ್. ಅಕ್ಷರ ಲೆಕ್ಕ ಸರಿಹೋಗುತ್ತದೆ, ನಾನು ಎಣಿಸಿದೆ. ಆದರೆ 27 ಅಕ್ಷರವನ್ನು ಬೇಕಾದ ಹಾಗೆ ಜೋಡಿಸಬಹುದಾದರೆ ಇನ್ನೂ ಎಷ್ಟೋ ವಾಕ್ಯ ಬರುತ್ತವೆ. ಪದವೂ ಷೇಕ್ಸ್‌ಪಿಯರ್ ಸೃಷ್ಟಿಯಲ್ಲ, ಇಟಲಿಯ ಕವಿ ಡಾಂಟೆ ಮೊದಲೇ ಬಳಸಿದ್ದ.

ಕೊನೆಗೆ ನನಗೆ ಇಷ್ಟವಾದ ಫೋಟೊ. 1918ರಲ್ಲಿ ಇಲಿನಾಯ್‌ಯ ಅರೋರಾದಲ್ಲಿ ಫ್ರೀಡ್‌ಮನ್ ದಂಪತಿ ಪಾಠ ಹೇಳಿದ ಸೇನಾಧಿಕಾರಿಗಳ ಗುಂಪು ಫೋಟೊ ಅದು. ಕೆಲವರು ಕ್ಯಾಮೆರಾ ನೋಡುತ್ತಿದ್ದಾರೆ, ಕೆಲವರು ಪಕ್ಕಕ್ಕೆ ತಿರುಗಿದ್ದಾರೆ. ಬೇಕನ್ ವಿಧಾನದಲ್ಲಿ ಓದಿದರೆ 'ನಾಲೆಡ್ಜ್ ಈಸ್ ಪವರ್' ಅಂತ ಬರಬೇಕು. 16 ಅಕ್ಷರಕ್ಕೆ 80 ಜನ ಬೇಕಿತ್ತು. ಅಷ್ಟು ಜನ ಇರಲಿಲ್ಲ, ಕೊನೆಯ ಆರ್ ಪೂರ್ತಿಯಾಗಲೇ ಇಲ್ಲ.