ನಿಮ್ಮ ಮನೆ ಒಂದೇ ಫ್ರೇಮಿಗೆ ಬರಲ್ಲ

ಭಾನುವಾರ ಸಾಯಂಕಾಲ ಮೈಸೂರಿನಿಂದ ಚಿಕ್ಕಮ್ಮನ ಫೋನ್. "ನೀನು ಡ್ರೋನ್ ಹಾರಿಸ್ತೀಯಲ್ಲ, ಅಂಥದ್ದೇ ಒಂದು ನಮ್ಮ ತಾರಸಿ ಹತ್ರ ಬಂದು ನಿಂತಿತ್ತು ಕಣೋ. ನಾನು ತಲೆಗೆ ನೀರು ಹಾಕ್ಕೊಂಡು, ನೈಟಿಯಲ್ಲೇ ಸಂಡಿಗೆ ಎತ್ತಿಡ್ತಾ ಇದ್ದೆ. ಕೈ ಬೀಸಿದೆ, ಹೋಗ್ಲಿಲ್ಲ. ನನ್ನನ್ನೇ ನೋಡ್ತಾ ನಿಂತಿತ್ತು." ಕೊನೆಯ ಮಾತು ಹೇಳುವಾಗ ಅವರ ದನಿ ಸಣ್ಣಗಾಯಿತು.

ನಾನು ಹೊಟ್ಟೆಪಾಡಿಗೆ ಡ್ರೋನ್ ಹಾರಿಸುವವನು. ಲೇಔಟ್ ಸರ್ವೆ, ಕಟ್ಟಡದ ಕೆಲಸ ಎಲ್ಲಿಗೆ ಬಂತು ಅನ್ನೋ ಫೋಟೋ, ಸೀಸನ್ನಿನಲ್ಲಿ ಮದುವೆ, ಈಗೀಗ ಹೊಸಬರಿಗೆ ಪಾಠವೂ ಉಂಟು. ಹಾಗಾಗಿ ಈ ಥರದ ಫೋನ್ ತಿಂಗಳಿಗೆ ಒಂದೆರಡು ಬಂದೇ ಬರುತ್ತವೆ. ದಸರಾ ಸಮಯದಲ್ಲಿ ಜಾಸ್ತಿ, ಯಾಕಂದ್ರೆ ಆಕಾಶದಲ್ಲಿ ಚಿತ್ತಾರ ಬಿಡಿಸುವ ಪ್ರದರ್ಶನದ ಡ್ರೋನ್ ನೋಡಿದವರಿಗೆ ಅವೂ ತಮ್ಮ ಮನೆಯೊಳಗೆ ಇಣುಕುತ್ತವೆ ಅನ್ನೋ ಅನುಮಾನ. ಆ ಡ್ರೋನ್‌ಗಳಲ್ಲಿ ಸಾಮಾನ್ಯವಾಗಿ ಕ್ಯಾಮೆರಾನೇ ಇರಲ್ಲ, ಬರೀ ದೀಪ. ಚಿಕ್ಕಮ್ಮ ನೋಡಿದ್ದರಲ್ಲಿ ಇತ್ತು.

ಎಲ್ಲರೂ ಮೊದಲು ಕೇಳೋದು ಒಂದೇ: ಅದರಲ್ಲಿ ನಾನು ಕಾಣ್ತೀನಾ?

ಹವ್ಯಾಸಕ್ಕೆ ಕೊಳ್ಳುವ ಸಣ್ಣ ಡ್ರೋನ್‌ಗಳಲ್ಲಿ ಹೆಚ್ಚಾಗಿ ಇರೋದು ಅಗಲ ಲೆನ್ಸ್. ನಾನು ವಿದ್ಯಾರ್ಥಿಗಳಿಗೆ ಒಂದು ಸುಲಭದ ಲೆಕ್ಕ ಹೇಳಿಕೊಡುತ್ತೇನೆ. ಕ್ಯಾಮೆರಾ ಎಷ್ಟು ದೂರ ಇದೆಯೋ, ಚಿತ್ರದಲ್ಲಿ ಅದರ ಒಂದೂವರೆ ಪಟ್ಟು ಅಗಲ ಬರುತ್ತದೆ. 60 ಮೀಟರ್ ಮೇಲಿಂದ, ಅಂದರೆ ಸುಮಾರು 200 ಅಡಿಯಿಂದ ನೇರ ಕೆಳಗೆ ನೋಡಿದರೆ 90 ಮೀಟರ್ ಅಗಲ. 12 ಮೆಗಾಪಿಕ್ಸೆಲ್ ಫೋಟೋ ಆದರೆ ಅಡ್ಡಕ್ಕೆ 4000 ಚುಕ್ಕಿ. ಭಾಗಿಸಿ ನೋಡಿ, ಒಂದು ಚುಕ್ಕಿಗೆ ಎರಡು ಸೆಂಟಿಮೀಟರಿಗಿಂತ ಸ್ವಲ್ಪ ಜಾಸ್ತಿ ಬರುತ್ತದೆ. ಮನುಷ್ಯನ ಮುಖ ಒಂದು ಗೇಣೂ ಇಲ್ಲ. ಅದಕ್ಕೆ ಸಿಗೋದು ಏಳು ಚುಕ್ಕಿ. ಏಳು ಚುಕ್ಕಿಯಲ್ಲಿ ಚಿಕ್ಕಮ್ಮ ಯಾರು, ಪಕ್ಕದ ಮನೆ ಅಜ್ಜಿ ಯಾರು ಅಂತ ಹೇಳೋಕಾಗಲ್ಲ, ನೈಟಿಯ ಬಣ್ಣ ಗೊತ್ತಾದರೆ ಹೆಚ್ಚು. ಅದೇ ಡ್ರೋನ್ 10 ಮೀಟರಿಗೆ ಬಂತೋ, ಮುಖಕ್ಕೆ ನಲವತ್ತಕ್ಕೂ ಹೆಚ್ಚು ಚುಕ್ಕಿ. ಪರಿಚಯದವರು ಗುರುತು ಹಿಡಿಯುತ್ತಾರೆ.

ಮುಂಚೆಲ್ಲ ಇಷ್ಟು ಹೇಳಿ "ಏನೂ ಆಗಲ್ಲ ಬಿಡಿ" ಅಂತ ಫೋನ್ ಇಡುತ್ತಿದ್ದೆ. ಈಗ ಹಾಗೆ ಹೇಳೋ ಧೈರ್ಯ ಇಲ್ಲ. ಡಿಜೆಐ ಕಂಪನಿಯ ಮ್ಯಾವಿಕ್ 3ರಂಥ ಮಾದರಿಯಲ್ಲಿ ಅಗಲ ಲೆನ್ಸಿನ ಜೊತೆಗೆ 162 ಎಂಎಂಗೆ ಸಮನಾದ, ದೂರದ್ದನ್ನು ಹತ್ತಿರ ತಂದು ತೋರಿಸುವ ಟೆಲಿ ಲೆನ್ಸೂ ಇದೆ. ಅದರಲ್ಲಿ ಅದೇ 60 ಮೀಟರಿನಿಂದ ನೋಡಿದರೆ ಬರೋದು 13 ಮೀಟರ್ ಅಗಲ ಮಾತ್ರ, ಮುಖಕ್ಕೆ ಐವತ್ತರ ಹತ್ತಿರ ಚುಕ್ಕಿ ಸಿಗುತ್ತವೆ. ರಸ್ತೆಯ ಗಲಾಟೆಯಲ್ಲಿ ಅಷ್ಟು ಎತ್ತರದ ಡ್ರೋನಿನ ಸದ್ದು ನಿಮಗೆ ಕೇಳೋದೂ ಕಷ್ಟ. ಹಾಗಾಗಿ "ಎಷ್ಟೋ ಮೇಲಿತ್ತು" ಅನ್ನೋದು ಸಮಾಧಾನದ ಮಾತಾಗಿ ಉಳಿದಿಲ್ಲ, ಯಾವ ಲೆನ್ಸು ಅನ್ನೋದನ್ನೂ ಕೇಳಬೇಕು.

ಇನ್ನೊಂದು ಮಾತು ನನಗೆ ಪದೇ ಪದೇ ಕೇಳಿ ಸಾಕಾಗಿದೆ. "ಸಾರ್, ನಾವು ನಮ್ಮ ಮನೆ ಮೇಲೆ ಮಾತ್ರ ಹಾರಿಸೋದು." ಮೇಲಿನ ಲೆಕ್ಕವನ್ನೇ ತಗೊಳ್ಳಿ. ನಮ್ಮ ಬಡಾವಣೆಗಳ 30×40 ಸೈಟು ಅಂದರೆ ಹೆಚ್ಚುಕಮ್ಮಿ 9 ಮೀಟರ್‌ಗೆ 12 ಮೀಟರ್. 90 ಮೀಟರ್ ಅಗಲದ ಫ್ರೇಮಿನಲ್ಲಿ ಸಾಲಿಗೆ ಹತ್ತು ಸೈಟು ಬಂತು, ಫೋಟೋದ ಉದ್ದಕ್ಕೆ ಇನ್ನೊಂದು 67 ಮೀಟರ್, ಅಂದರೆ ನಡುವಿನ ರಸ್ತೆಗಳನ್ನು ಕಳೆದರೂ ನಾಲ್ಕು ಸಾಲು. ನಿಮ್ಮ ಮನೆಯ ಗೃಹಪ್ರವೇಶದ ಒಂದು ಫೋಟೋಗೆ ನಲವತ್ತು ಮನೆಯ ತಾರಸಿ ಬಂದು ಕೂತಿರುತ್ತದೆ. ಅದರಲ್ಲಿ ಯಾರ ಮನೆಗೆ ಬೀಗ ಬಿದ್ದಿದೆ, ಯಾರ ಮನೆ ಹಿಂಬಾಗಿಲಿಗೆ ಗ್ರಿಲ್ ಇಲ್ಲ, ಯಾರು ಒಬ್ಬರೇ ಇರ್ತಾರೆ, ಇದೆಲ್ಲ ಓದೋಕೆ ಬರುವವರಿಗೆ ಓದೋಕೆ ಬರುತ್ತದೆ.

ಸಿಸಿ ಕ್ಯಾಮೆರಾ ಬೀದಿಗೆ ನಾಲ್ಕಿದೆಯಲ್ಲ, ಅದಕ್ಕಿಲ್ಲದ ತಕರಾರು ಇದಕ್ಕೇಕೆ ಅಂತ ಕೇಳುವವರಿದ್ದಾರೆ. ಸಿಸಿ ಕ್ಯಾಮೆರಾ ಎಲ್ಲಿದೆ ಅಂತ ನಿಮಗೆ ಗೊತ್ತು, ಅದು ನೋಡುವುದು ಬೀದಿಯನ್ನು. ನಾವು ಮನೆ ಕಟ್ಟೋದೇ ಬೀದಿಯ ಕಣ್ಣನ್ನು ಲೆಕ್ಕಕ್ಕೆ ಇಟ್ಟುಕೊಂಡು. ಕಾಂಪೌಂಡು, ಪರದೆ, ಬಚ್ಚಲಿನ ಕಿಟಕಿಗೆ ಮಸುಕು ಗಾಜು. ತಾರಸಿಗೆ ಏನೂ ಮಾಡಲಿಲ್ಲ, ಯಾಕಂದ್ರೆ ಅಲ್ಲಿಗೆ ಬರುತ್ತಿದ್ದದ್ದು ಕಾಗೆ, ಪಾರಿವಾಳ ಮಾತ್ರ. ಒಳಉಡುಪು ಒಣಹಾಕೋದು, ಎಣ್ಣೆ ಹಚ್ಚಿಕೊಂಡು ಬಿಸಿಲು ಕಾಯೋದು, ಗಂಡ ಹೆಂಡತಿ ಮಕ್ಕಳ ಎದುರು ಆಡಲಾಗದ ಜಗಳ ಆಡೋದು, ಎಲ್ಲ ಅಲ್ಲೇ.

ಮರುದಿನ ಮೈಸೂರಲ್ಲೇ ಕೆಲಸ ಇತ್ತು, ಹೋದೆ. ಹುಡುಗ ಸಿಗೋದು ಕಷ್ಟವಾಗಲಿಲ್ಲ. ಡ್ರೋನ್ ಎಲ್ಲಿಂದ ಏರಿತೋ ಅಲ್ಲಿಗೇ ವಾಪಸ್ ಹೋಗುತ್ತದೆ, ಅದು ಯಾವ ಮನೆಯ ಹಿಂದೆ ಇಳಿಯಿತು ಅಂತ ಚಿಕ್ಕಮ್ಮ ನೋಡಿಟ್ಟಿದ್ದರು. ಮೂರನೇ ಮನೆ. ಇಂಜಿನಿಯರಿಂಗ್ ಓದುವ ಹುಡುಗ, ನಮ್ಮನ್ನು ನೋಡಿ ಬೆವರಿದ. ನಾನೂ ಹಾರಿಸುವವನು ಅಂದ ಮೇಲೆ ಸ್ವಲ್ಪ ಸಲೀಸಾದ. ಅವನ ಅಪ್ಪನೂ ಬಂದು ಕೂತರು. ಲ್ಯಾಪ್‌ಟಾಪಿಗೆ ಮೆಮೊರಿ ಕಾರ್ಡ್ ಹಾಕಿ ಎಲ್ಲರೂ ನೋಡಿದೆವು.

ಮೊದಲ ಎರಡು ನಿಮಿಷ ದೂರದಲ್ಲಿ ಚಾಮುಂಡಿ ಬೆಟ್ಟ, ಸಂಜೆ ಬಿಸಿಲು, ಚೆನ್ನಾಗೇ ಇತ್ತು. ಆಮೇಲೆ ಡ್ರೋನ್ ಒಂದು ತೆಂಗಿನ ಮರದ ಹಿಂದಕ್ಕೆ ಹೋಯಿತು, ಕೆಳಗೆ ಇಳಿಯಿತು, ಚಿಕ್ಕಮ್ಮನ ತಾರಸಿಯ ಮಟ್ಟಕ್ಕೆ ಬಂದು ಗಕ್ಕನೆ ನಿಂತಿತು. ಅಲ್ಲಿಂದ ಹನ್ನೆರಡು ಸೆಕೆಂಡು ಅದೇ ಚಿತ್ರ. ಎಡಗೈಯಲ್ಲಿ ಮೊರ ಹಿಡಿದುಕೊಂಡು, ಬಲಗೈಯನ್ನು ಹುಬ್ಬಿನ ಮೇಲಿಟ್ಟು ಚಿಕ್ಕಮ್ಮ ನೇರ ನಮ್ಮನ್ನೇ ನೋಡುತ್ತಿದ್ದಾರೆ.

"ಸಿಗ್ನಲ್ ವೀಕ್ ಅಂತ ಬಂತು ಅಂಕಲ್. ಹೆದರಿ ಸ್ಟಿಕ್ ಬಿಟ್ಟುಬಿಟ್ಟೆ," ಅಂದ. ನಾನು ನಂಬಿದೆ. ಹೊಸಬರೆಲ್ಲ ಮಾಡೋದು ಇದನ್ನೇ. ರಿಮೋಟಿನ ಎರಡೂ ಸ್ಟಿಕ್ ಬಿಟ್ಟರೆ ಜಿಪಿಎಸ್ ಇರುವ ಡ್ರೋನ್ ಇದ್ದಲ್ಲೇ ನಿಲ್ಲುತ್ತದೆ. ಮೇಲೆ ಹೆದರಿದ ಯಂತ್ರ, ಕೆಳಗೆ ಹೆದರಿದ ಹುಡುಗ. ನೋಡುವವರಿಗೆ ಮಾತ್ರ ಅದು ಕಣ್ಣಿಟ್ಟು ನೋಡಿದ ಹಾಗೇ ಕಾಣೋದು.

ನನಗೆ ಕಸಿವಿಸಿ ಆಗಿದ್ದು ಚಿಕ್ಕಮ್ಮನ ಚಿತ್ರಕ್ಕಿಂತ ಅದರ ಹಿಂದಿನದಕ್ಕೆ. ಎದುರುಸಾಲಿನ ಮನೆಯ ಮೊದಲ ಮಹಡಿಯ ಕಿಟಕಿ, ಪರದೆ ಪಕ್ಕಕ್ಕೆ ಸರಿದಿತ್ತು. ಒಳಗೆ ಮಂಚದ ಮೇಲೆ ಒಬ್ಬ ಹಿರಿಯರು, ಮೈಮೇಲೆ ಬಟ್ಟೆ ಇಲ್ಲ, ಯಾರೋ ಒದ್ದೆ ಬಟ್ಟೆಯಲ್ಲಿ ಮೈ ಒರೆಸುತ್ತಿದ್ದಾರೆ. ಹುಡುಗನಿಗೆ ಅದು ಕಂಡೇ ಇರಲಿಲ್ಲ. ಅದನ್ನೇ ಹಾಡು ಹಾಕಿ ರೀಲ್ ಮಾಡಿ, ಕಾಲೇಜಿನ ಗುಂಪಿಗೂ ಕಳಿಸಿ ಆಗಿತ್ತು. ರೀಲನ್ನು ಅಲ್ಲೇ ಅಳಿಸಿದ. ಗುಂಪಿನಿಂದ ಯಾರು ಯಾರು ಇಳಿಸಿಕೊಂಡಿದ್ದಾರೋ, ಅದಕ್ಕೆ ಏನು ಮಾಡೋದು?

ಕಾನೂನು ಏನು ಹೇಳುತ್ತೆ ಅಂತ ಅವನ ಅಪ್ಪ ಕೇಳಿದರು. ಅಂದು ಹೇಳಿದ್ದನ್ನೇ ಇಲ್ಲೂ ಹೇಳುತ್ತೇನೆ. ನಾನು ವಕೀಲ ಅಲ್ಲ, ಆದರೆ ಈ ಕಸುಬಿನಲ್ಲಿ ಇದನ್ನು ಓದದೆ ಇರೋಕಾಗಲ್ಲ.

ಹಾರಿಸೋದಕ್ಕೆ ಇರುವುದು 2021ರ ಆಗಸ್ಟ್ 25ರಂದು ಬಂದ ಡ್ರೋನ್ ನಿಯಮಗಳು. 250 ಗ್ರಾಂವರೆಗಿನದು ನ್ಯಾನೋ, ಅಲ್ಲಿಂದ 2 ಕಿಲೋವರೆಗೆ ಮೈಕ್ರೋ. ನ್ಯಾನೋಗೆ ಪೈಲಟ್ ಸರ್ಟಿಫಿಕೇಟ್ ಬೇಡ, ದುಡ್ಡಿಗಲ್ಲದೆ ಹಾರಿಸುವುದಾದರೆ ಮೈಕ್ರೋಗೂ ಬೇಡ. ಇದನ್ನು ಅರ್ಧ ಓದಿದವರು "249 ಗ್ರಾಂಗೆ ಯಾವ ರೂಲ್ಸೂ ಇಲ್ಲ" ಅಂತ ಹಬ್ಬಿಸಿದ್ದಾರೆ. ಸುಳ್ಳು. ವಿಮಾನಯಾನ ಇಲಾಖೆಯ ತಾಣದಲ್ಲಿ ನೋಂದಾಯಿಸಿ ನಂಬರ್ ಪಡೆಯಬೇಕು. ಡ್ರೋನ್ ಹಾರಾಟದ ಸರ್ಕಾರಿ ನಕ್ಷೆಯಲ್ಲಿ ಕೆಂಪು ಬಣ್ಣದ ವಲಯದಲ್ಲಿ ಕೇಂದ್ರದ ಅನುಮತಿ ಇಲ್ಲದೆ ಏಳಿಸುವ ಹಾಗಿಲ್ಲ. ಹಸಿರು ವಲಯದಲ್ಲಿ 400 ಅಡಿವರೆಗೆ ಸರಿ, ಆದರೆ ವಿಮಾನ ನಿಲ್ದಾಣದಿಂದ 8ರಿಂದ 12 ಕಿಲೋಮೀಟರ್ ಒಳಗಿದ್ದರೆ 200 ಅಡಿಗೆ ನಿಲ್ಲಿಸಬೇಕು. ಮೈಸೂರಿನಲ್ಲಿ ಮಂಡಕಳ್ಳಿ ಇದೆ, ಬೆಂಗಳೂರಿನಲ್ಲಿ ಎಚ್‌ಎಎಲ್, ಯಲಹಂಕ, ಜಕ್ಕೂರು, ದೇವನಹಳ್ಳಿ ಎಲ್ಲ ಇವೆ, ನಕ್ಷೆ ತೆರೆಯದೆ ಹಾರಿಸೋದು ಮೂರ್ಖತನ. ನಿಯಮ ಮೀರಿದರೆ ಒಂದು ಲಕ್ಷ ರೂಪಾಯಿವರೆಗೆ ದಂಡ ಇದೆ. ಈ ಹುಡುಗನ ಡ್ರೋನ್ ಅಮೆರಿಕದ ಭಾವನ ಸೂಟ್‌ಕೇಸಿನಲ್ಲಿ ಬಂದದ್ದು. 2022ರ ಫೆಬ್ರವರಿ 9ರಿಂದ ವಿದೇಶಿ ಡ್ರೋನ್ ತರಿಸೋದಕ್ಕೆ ನಿಷೇಧ ಇದೆ, ಸಂಶೋಧನೆ, ರಕ್ಷಣೆಯಂಥ ಕೆಲಸಕ್ಕೆ ಮಾತ್ರ ವಿನಾಯಿತಿ. ಹಾಗಾಗಿ ಅದಕ್ಕೆ ನಂಬರೂ ಇಲ್ಲ.

ಇದೆಲ್ಲ ವಿಮಾನಕ್ಕೆ ಡಿಕ್ಕಿಯಾಗಬಾರದು, ಯಾರ ತಲೆ ಮೇಲೂ ಬೀಳಬಾರದು ಅನ್ನೋ ಕಾಳಜಿಯ ನಿಯಮ. ಚಿಕ್ಕಮ್ಮನ ತಾರಸಿಗೆ ಬೇರೆ ಕಡೆ ನೋಡಬೇಕು. ಹೆಂಗಸೊಬ್ಬರು ಬಟ್ಟೆ ಬದಲಿಸುವಾಗ, ಸ್ನಾನ ಮಾಡುವಾಗ ಕದ್ದು ನೋಡಿದರೆ ಅಥವಾ ಚಿತ್ರ ತೆಗೆದರೆ ಭಾರತೀಯ ನ್ಯಾಯ ಸಂಹಿತೆಯ 77ನೇ ಕಲಂ, ಮೊದಲ ಸಲಕ್ಕೇ ಒಂದರಿಂದ ಮೂರು ವರ್ಷ ಜೈಲು. ಗಂಡಸಾಗಲಿ ಹೆಂಗಸಾಗಲಿ, ದೇಹದ ಗುಪ್ತ ಭಾಗದ ಚಿತ್ರವನ್ನು ಒಪ್ಪಿಗೆ ಇಲ್ಲದೆ ಬೇಕೆಂದೇ ತೆಗೆದರೆ, ಹಂಚಿದರೆ ಐಟಿ ಕಾಯ್ದೆಯ 66ಇ. ಆದರೆ ಚಿಕ್ಕಮ್ಮ ಸಂಡಿಗೆ ಎತ್ತಿಡುತ್ತಿದ್ದರು, ಅಷ್ಟೆ. ಅದಕ್ಕೆ ಇವೆರಡೂ ಸರಿಯಾಗಿ ಹೊಂದಲ್ಲ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಕಾಯ್ದೆ ಇದೆಯಲ್ಲ ಅಂದರೆ, ಸ್ವಂತ ಅಥವಾ ಮನೆಬಳಕೆಗೆ ಮಾಡಿಕೊಂಡದ್ದಕ್ಕೆ ಅದು ಅನ್ವಯಿಸಲ್ಲ. ಖಾಸಗಿತನ ಮೂಲಭೂತ ಹಕ್ಕು ಅಂತ 2017ರಲ್ಲಿ ಸುಪ್ರೀಂ ಕೋರ್ಟ್ ಹೇಳಿತಲ್ಲ, ಆ ಅರ್ಜಿ ಹಾಕಿದ್ದವರು ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರೇ. ಆದರೆ ಅದು ಮುಖ್ಯವಾಗಿ ಸರ್ಕಾರವನ್ನು ಕಟ್ಟಿಹಾಕುವ ಹಕ್ಕು, ಮೂರನೇ ಮನೆ ಹುಡುಗನ ಮೇಲೆ ಅದನ್ನು ಹಿಡಿದುಕೊಂಡು ಠಾಣೆಗೆ ಹೋದರೆ ಪೊಲೀಸರು ಮುಖ ಮುಖ ನೋಡ್ತಾರೆ. ಇಲ್ಲಿ ಒಂದು ತೂತು ಇದೆ. ನಿಯಮ ಬರೆಯುವವರು ಅದನ್ನು ಮುಚ್ಚಬೇಕು ಅನ್ನೋದು ನನ್ನ ಅಭಿಪ್ರಾಯ, ಕಸುಬಿನವರಲ್ಲಿ ಎಷ್ಟೋ ಜನಕ್ಕೆ ಇದು ಇಷ್ಟವಾಗಲ್ಲ.

ನಮ್ಮೂರು ತಿಪಟೂರು ಕಡೆ. ಚಿಕ್ಕವನಿದ್ದಾಗ ಕಾಯಿ ಕೀಳೋಕೆ ಬರುತ್ತಿದ್ದವರು ಮರಕ್ಕೆ ಕೈ ಹಚ್ಚೋ ಮುಂಚೆ ಒಂದು ಕೂಗು ಹಾಕೋರು. "ಮರ ಹತ್ತೀನಿ ಕಣ್ರವ್ವೋ, ಬಚ್ಚಲ ಕಡೆ ಯಾರಾದ್ರೂ ಇದ್ದೀರಾ?" ಆಗ ಹಿತ್ತಲ ಬಚ್ಚಲಿಗೆ ಸೂರು ಇರಲಿಲ್ಲ, ತೆಂಗಿನ ತಟ್ಟಿಯ ಮರೆ ಅಷ್ಟೆ. ಒಳಗಿಂದ "ತಡಿಯಪ್ಪಾ" ಅಂತ ದನಿ ಬಂದರೆ ಅವರು ಬೀಡಿ ಹಚ್ಚಿಕೊಂಡು ಬುಡದಲ್ಲೇ ಕೂರೋರು. ಯಾವ ಕಲಮ್ಮೂ ಇರಲಿಲ್ಲ ಅದಕ್ಕೆ.

ಸರ್ಕಾರದ ಸ್ವಾಮಿತ್ವ ಯೋಜನೆಯಲ್ಲೂ ಇಂಥದ್ದೇ ಒಂದು ಕ್ರಮ ಇದೆ. 2020ರ ಏಪ್ರಿಲ್‌ನಲ್ಲಿ ಶುರುವಾದದ್ದು, ಹಳ್ಳಿಯ ಮನೆ ಜಾಗಗಳನ್ನು ಡ್ರೋನಿನಿಂದ ಅಳೆಯುವ ಕೆಲಸ. ಡ್ರೋನ್ ಏಳುವ ಮುಂಚೆ ಊರಿಗೆ ತಿಳಿಸಿ, ಮನೆ ಮನೆಯ ಗಡಿಗೆ ಸುಣ್ಣದ ಗೆರೆ ಎಳೆಸುತ್ತಾರೆ. ಆ ಗೆರೆ ಅಳತೆಗೆ ಅಂತಲೇ ಹಾಕಿದ್ದು, ನಿಜ. ಆದರೆ ಸುಣ್ಣ ಹಾಕಿದ ದಿನ ಮೇಲೆ ಏನು ಬರುತ್ತೆ, ಯಾಕೆ ಬರುತ್ತೆ ಅಂತ ಎಲ್ಲರಿಗೂ ಗೊತ್ತಿರುತ್ತದೆ. ಕಾಯಿ ಕೀಳುವವರ ಕೂಗು, ಹಳ್ಳಿಯ ಸುಣ್ಣ ಎರಡೂ ನಮ್ಮ ಬಡಾವಣೆಯ ಹವ್ಯಾಸಿಗಳಲ್ಲಿ ಇಲ್ಲ. ನನಗೆ ಬರುವ ಫೋನ್‌ಗಳಲ್ಲಿ ಮುಕ್ಕಾಲು ಪಾಲು ಇದರಿಂದಲೇ, ಒಂದು ಮಾತು ಮೊದಲೇ ಹೇಳಿದ್ದರೆ ಅರ್ಧ ಜನ ಮಕ್ಕಳನ್ನು ಕರೆದು ತೋರಿಸುತ್ತಿದ್ದರು.

ಹಾಗಂತ ಎಲ್ಲರೂ ಅಮಾಯಕರಲ್ಲ. ರಾತ್ರಿ ಹೊತ್ತು, ಮತ್ತೆ ಮತ್ತೆ, ಅದೇ ಕಿಟಕಿಗೆ ಬಂದರೆ ಸಿಗ್ನಲ್ ವೀಕ್ ಅನ್ನೋ ಕಥೆ ನಡೆಯಲ್ಲ. ಪರದೆ ಎಳೆದು, ನಿಮ್ಮ ಫೋನಿನಲ್ಲಿ ಅದರ ವಿಡಿಯೋ ಮಾಡಿ, ಹಿಂದೆ ಕಾಣುವ ಮನೆ, ಮರ ಸೇರಿಸಿ, ಸಮಯ ಬರೆದಿಟ್ಟುಕೊಳ್ಳಿ. 112ಕ್ಕೆ ಫೋನ್ ಮಾಡಿ. ಆಮೇಲೆ ಅದು ಯಾವ ಕಡೆ ಹೋಗುತ್ತೆ ನೋಡುತ್ತಿರಿ. ಸಣ್ಣ ಡ್ರೋನಿನ ಬ್ಯಾಟರಿ ಅರ್ಧ ಮುಕ್ಕಾಲು ಗಂಟೆ ಬಂದರೆ ಹೆಚ್ಚು, ಇಳಿಯಲೇಬೇಕು. ಹಾರಿಸುವವನು ಸಾಮಾನ್ಯವಾಗಿ ಎರಡು ಮೂರು ಬೀದಿ ಆಚೆಗೆ ಇರಲ್ಲ. ಕಾರ್ಡ್ ಕಿತ್ತುಕೊಳ್ಳೋಕೆ ಹೋಗಬೇಡಿ, ಅದು ಪೊಲೀಸರ ಕೆಲಸ. ಕಲ್ಲು ಹೊಡೆಯೋದೂ ಬೇಡ. ಆಸ್ತಿ ಹಾಳು ಮಾಡಿದ ಕೇಸು ನಿಮ್ಮ ಮೇಲೇ ಬೀಳುತ್ತೆ, ಮೇಲಾಗಿ ರೆಕ್ಕೆ ತಿರುಗುತ್ತಾ ಬೀಳುವ ಡ್ರೋನ್ ಯಾರ ಮಗುವಿನ ಮೇಲೆ ಬೀಳುತ್ತೋ ಹೇಳೋಕಾಗಲ್ಲ. ಜಜ್ಜಿಹೋದ ಲಿಥಿಯಂ ಬ್ಯಾಟರಿ ಹೊತ್ತಿಕೊಳ್ಳೋದನ್ನು ನಾನು ನನ್ನ ಕೆಲಸದ ಮೇಜಿನ ಮೇಲೇ ನೋಡಿದ್ದೇನೆ, ಮರಳು ಸುರಿದು ಆರಿಸಬೇಕಾಯಿತು.

ಹುಡುಗನಿಗೆ ಅಂದು ಒಂದಿಷ್ಟು ಹೇಳಿಕೊಟ್ಟೆ. ಏರುವಾಗ ನೇರ ಏರು, ಇಳಿಯುವಾಗ ನೇರ ಇಳಿ, ಕಿಟಕಿ ಮಟ್ಟದಲ್ಲಿ ಅಡ್ಡಾಡಬೇಡ. ಸಿಗ್ನಲ್ ಹೋದರೆ ಡ್ರೋನ್ ತಾನಾಗೇ ವಾಪಸ್ ಬರುವ ಎತ್ತರವನ್ನು ಸುತ್ತಲಿನ ಅತಿ ಎತ್ತರದ ಮರಕ್ಕಿಂತ ಮೇಲಿಡು, ಆಗ ಸಿಗ್ನಲ್ ಹೋದರೂ ತಾರಸಿಗೆ ಬಂದು ನಿಲ್ಲಲ್ಲ. ರೆಕಾರ್ಡ್ ಬಟನ್ ಒತ್ತೋದು ಮೇಲೆ ಹೋದ ಮೇಲೆ. ಹಾಕುವ ಮುಂಚೆ ಪೂರ್ತಿ ವಿಡಿಯೋ ಒಂದು ಸಲ ದೊಡ್ಡ ಪರದೆಯಲ್ಲಿ ನೋಡು, ಮೂಲೆಗಳನ್ನು ನೋಡು. ನಂಬರ್ ಇಲ್ಲದ ಈ ಡ್ರೋನನ್ನು ಪೆಟ್ಟಿಗೆಯಲ್ಲಿಡು, ಇಲ್ಲಿ ತಯಾರಾದದ್ದು ಒಂದು ಕೊಂಡುಕೊ ಅಂದಾಗ ಅವನ ಅಪ್ಪ ನನ್ನ ಕಡೆ ಅಷ್ಟೇನೂ ಪ್ರೀತಿಯಿಂದ ನೋಡಲಿಲ್ಲ.

ಆರು ತಿಂಗಳಾದ ಮೇಲೆ ಹೊಸದು ಬಂತು, ನಂಬರೂ ಆಯಿತು. ಬೀದಿಯ ವಾಟ್ಸಾಪ್ ಗುಂಪಿನಲ್ಲಿ ಅವನೇ ಬರೆದು ಕೇಳಿದ, ಭಾನುವಾರ ಹದಿನೈದು ನಿಮಿಷ ಹಾರಿಸಲಾ ಅಂತ. ಚಿಕ್ಕಮ್ಮ "ನಮ್ಮ ಟ್ಯಾಂಕಿನ ಮುಚ್ಚಳ ಹಾರಿಹೋಗಿದೆಯಾ ನೋಡಪ್ಪ" ಅಂತ ಉತ್ತರಿಸಿದರು. ಎದುರುಸಾಲಿನ ಆ ಮನೆಯವರು "ಬೇಡ" ಅಂತ ಒಂದೇ ಪದ ಹಾಕಿದರು. ನಲವತ್ತು ಮನೆಯ ಲೆಕ್ಕ ಹುಡುಗನಿಗೆ ನೆನಪಿತ್ತು. ಈಗ ಅವನು ಭಾನುವಾರ ಬಸ್ಸು ಹತ್ತಿ ಹುಣಸೂರು ಕಡೆ ಅಜ್ಜನ ಹೊಲಕ್ಕೆ ಹೋಗುತ್ತಾನೆ. ಚಿಕ್ಕಮ್ಮನ ಟ್ಯಾಂಕಿಗೆ ಪ್ಲಂಬರನ್ನೇ ಹತ್ತಿಸಬೇಕಾಯಿತು, ಮುಚ್ಚಳ ಇತ್ತಂತೆ, ಬಿರುಕು ಬಿಟ್ಟಿತ್ತು.